ಚಿಟ್ಟೆಯ ಹೆಸರು ಹೊತ್ತ ಪತಂಗ

ಲಂಡನ್ನಿನ ಡ್ರೂ ಡ್ರೂರಿ ವೃತ್ತಿಯಿಂದ ಬೆಳ್ಳಿ ಕೆಲಸದವರು, ಗೀಳಿನಿಂದ ಕೀಟ ಸಂಗ್ರಾಹಕರು. ದೂರದೇಶಕ್ಕೆ ಹೊರಟ ಹಡಗಿನವರನ್ನು ಕಂಡು, ಸಿಕ್ಕ ಹುಳುಹುಪ್ಪಟೆಗಳನ್ನು ಜೋಪಾನವಾಗಿ ತಂದುಕೊಡಿ ಎಂದು ಕೇಳಿಕೊಳ್ಳುವುದು ಅವರ ರೂಢಿ. ಹಾಗೆ ಹ್ಯಾಂಬರ್ಗ್‌ನ ಕ್ಯಾಪ್ಟನ್ ಮೇ ಎಂಬುವರಿಂದ ಅವರ ಕೈಸೇರಿದ ಒಂದು ಕೀಟದ ರೆಕ್ಕೆ ಮಸಿಗಪ್ಪು. ಆ ಕಪ್ಪಿನ ಮೇಲೆ ಹಸಿರು, ಬಂಗಾರ, ಕೆಂಪು, ನೀಲಿ ಒಂದರೊಳಗೊಂದು ಬೆರೆತು ಹೊಳೆಯುತ್ತಿದ್ದವು. ಚೀನಾದಿಂದಲೋ ಬಂಗಾಳದಿಂದಲೋ ಬಂದದ್ದು ಎಂಬ ಹೇಳಿಕೆಯೂ ಅದರ ಜೊತೆಗಿತ್ತು. 1773ರಲ್ಲಿ ಡ್ರೂರಿ ಅದಕ್ಕೆ ಪಪಿಲಿಯೊ ರಿಫಿಯಸ್ ಎಂದು ಹೆಸರಿಟ್ಟರು. ಆ ಕಾಲದ ವರ್ಗೀಕರಣದಲ್ಲಿ ಚಿಟ್ಟೆಗಳಿಗೆಲ್ಲ ಪಪಿಲಿಯೊ ಎಂಬ ಒಂದೇ ಮನೆ.

ಊರೂ ತಪ್ಪಿತ್ತು, ಬಳಗವೂ ತಪ್ಪಿತ್ತು. ಈ ಕೀಟ ಮಡಗಾಸ್ಕರ್ ದ್ವೀಪ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅದು ಚಿಟ್ಟೆಯೂ ಅಲ್ಲ, ಪತಂಗ. ಇಂಗ್ಲಿಷಿನವರು ಅದನ್ನು ಸೂರ್ಯಾಸ್ತದ ಹೆಸರಿನಿಂದ ಕರೆಯುತ್ತಾರೆ. ನಾವೂ ಸೂರ್ಯಾಸ್ತ ಪತಂಗ ಎನ್ನೋಣ. ವಿಜ್ಞಾನದಲ್ಲಿ ಈಗ ಅದರ ಹೆಸರು ಕ್ರಿಸಿರಿಡಿಯಾ ರಿಫಿಯಸ್.

ಡ್ರೂರಿಯವರನ್ನು ದೂರಲಾಗದು. ಏಳರಿಂದ ಒಂಬತ್ತು ಸೆಂಟಿಮೀಟರ್ ಹರವಿನ ರೆಕ್ಕೆ, ಹಿಂದಿನ ಒಂದೊಂದು ರೆಕ್ಕೆಗೂ ಮೂರು ಮೂರು ಬಾಲ, ಅಂಚಿಗೆ ಬಿಳಿಯ ಕುಚ್ಚು. ಸಾಲದ್ದಕ್ಕೆ ಅದು ಹಾರುವುದು ಹಗಲಿನಲ್ಲಿ. ಬಾಲವುಳ್ಳ ದೊಡ್ಡ ಚಿಟ್ಟೆಗಳನ್ನು ಕಂಡವರು ಇದನ್ನೂ ಅವುಗಳ ಸಾಲಿಗೇ ಸೇರಿಸುತ್ತಾರೆ. ಅದಕ್ಕಿಂತ ವಿಚಿತ್ರವಾದ ಇನ್ನೊಂದು ಸಂಗತಿಯಿದೆ. ಡ್ರೂರಿಯವರ ಬಳಿಯಿದ್ದ ಮಾದರಿಯ ತಲೆ ಮತ್ತು ಕುಡಿಮೀಸೆಗಳು ಮುರಿದುಹೋಗಿದ್ದವು, ಅವುಗಳ ಜಾಗಕ್ಕೆ ಆಮೇಲೆ ಯಾವುದೋ ಚಿಟ್ಟೆಯ ತಲೆಯನ್ನು ಅಂಟಿಸಲಾಗಿತ್ತು. ಚಿಟ್ಟೆಯ ಕುಡಿಮೀಸೆಯ ತುದಿ ಬೆಂಕಿಕಡ್ಡಿಯ ತಲೆಯಂತೆ ದಪ್ಪಗಿರುತ್ತದೆ, ಪತಂಗದ್ದು ಸಾಮಾನ್ಯವಾಗಿ ತುದಿಯತ್ತ ಸಣ್ಣಗಾಗುತ್ತದೆ ಅಥವಾ ಗರಿಯಂತೆ ಕವಲೊಡೆಯುತ್ತದೆ. ಎರಡನ್ನೂ ಬೇರ್ಪಡಿಸಲು ಆಗ ಇದ್ದ ಮುಖ್ಯ ಗುರುತೇ ಅದು. ಆ ಗುರುತೇ ಸುಳ್ಳು ಹೇಳುವ ಹಾಗೆ ಮಾದರಿ ಸಿದ್ಧವಾಗಿತ್ತು.

ಚಿಟ್ಟೆ, ಪತಂಗ ಎರಡೂ ಸೇರಿದ ಇಡೀ ಗಣಕ್ಕೆ ಲೆಪಿಡಾಪ್ಟೆರಾ ಎಂದು ಹೆಸರು. ಹುಡಿಯಂಥ ಹುರುಪೆ ಮುಚ್ಚಿದ ರೆಕ್ಕೆಯ ಕೀಟಗಳೆಲ್ಲ ಇದರೊಳಗೆ ಬರುತ್ತವೆ. ಕಾರ್ಲ್ ಲಿನೇಯಸ್ 1758ರಲ್ಲಿ ಇದನ್ನು ಮೂರೇ ಕುಲಗಳಾಗಿ ಹಂಚಿದ್ದರು: ಪಪಿಲಿಯೊ, ಸ್ಫಿಂಕ್ಸ್, ಫಲೀನಾ. ಇಂದು ಈ ಗಣದಲ್ಲಿ ಹೆಸರು ಪಡೆದ ಪ್ರಭೇದಗಳೇ ಒಂದೂವರೆ ಲಕ್ಷಕ್ಕೂ ಹೆಚ್ಚು. ಅವುಗಳಲ್ಲಿ ಚಿಟ್ಟೆಗಳು ಹದಿನೆಂಟು ಸಾವಿರದ ಆಸುಪಾಸು, ಮಿಕ್ಕವೆಲ್ಲ ಪತಂಗಗಳು. ಮೂರು ಕುಲಗಳ ಪೆಟ್ಟಿಗೆ ಬೇಗನೆ ಬಿರಿಯಿತು. ಪಪಿಲಿಯೊದೊಳಗಿದ್ದ ಎಷ್ಟೋ ಕೀಟಗಳು ಹೊಸ ಹೆಸರು ಹೊತ್ತು ಹೊರಬಂದವು. ನಮ್ಮ ಪತಂಗಕ್ಕೆ 1823ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನ ಯಾಕೋಬ್ ಹ್ಯೂಬ್ನರ್ ಕ್ರಿಸಿರಿಡಿಯಾ ಎಂಬ ಕುಲವನ್ನು ಕೊಟ್ಟರು. ಆದರೂ ಎಷ್ಟೋ ಪುಸ್ತಕಗಳಲ್ಲಿ ಅದು ಬಹುಕಾಲ ಯುರೇನಿಯಾ ಎಂಬ ಕುಲದ ಹೆಸರಿನಲ್ಲೇ ಉಳಿಯಿತು.

1831ರಲ್ಲಿ ಫ್ರಾನ್ಸಿನ ಲೆಸನ್ ಇದಕ್ಕೆ ಮಡಗಾಸ್ಕರಿಯೆನ್ಸಿಸ್ ಎಂಬ ಹೆಸರನ್ನೂ ಕೊಟ್ಟಿದ್ದರು. ಊರನ್ನು ಸರಿಯಾಗಿ ಹೇಳುವ ಹೆಸರು ಅದು. ಆದರೂ ಅದು ನಿಲ್ಲಲಿಲ್ಲ. ಪ್ರಾಣಿಗಳ ಹೆಸರಿನ ಅಂತಾರಾಷ್ಟ್ರೀಯ ನಿಯಮಾವಳಿಯಲ್ಲಿ ಮೊದಲು ಇಟ್ಟ ಹೆಸರಿಗೇ ಮನ್ನಣೆ. ಹೆಸರು ಹೊಂದುತ್ತದೆಯೇ, ಚೆಂದವಿದೆಯೇ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಕುಲ ಬದಲಾಗಬಹುದು, ಪ್ರಭೇದದ ಹೆಸರು ಅದರೊಂದಿಗೆ ಹೊಸ ಮನೆಗೆ ಹೋಗುತ್ತದೆ. ಹಾಗೆ ಮನೆ ಬದಲಾದಾಗ ಮೊದಲು ಹೆಸರಿಟ್ಟವರ ಹೆಸರನ್ನೂ ವರ್ಷವನ್ನೂ ಕಂಸದೊಳಗೆ ಬರೆಯಬೇಕು. ಇಂದಿಗೂ ಸೂರ್ಯಾಸ್ತ ಪತಂಗದ ಪೂರ್ಣ ಹೆಸರಿನ ಕೊನೆಯಲ್ಲಿ ಡ್ರೂರಿ, 1773 ಎಂಬುದು ಕಂಸದೊಳಗೇ ಕೂತಿದೆ. ಆ ಎರಡು ಪುಟ್ಟ ಗೆರೆಗಳನ್ನು ಕಂಡ ಯಾವ ಕೀಟತಜ್ಞರಿಗೂ ಗೊತ್ತಾಗುತ್ತದೆ: ಈ ಜೀವಿ ಹುಟ್ಟುಹೆಸರಿನ ಮನೆಯಲ್ಲಿ ಈಗ ಇಲ್ಲ. ಹಳೆಯ ತಿಳಿವಳಿಕೆಯನ್ನು ಅಳಿಸಿಹಾಕದೆ, ತಿದ್ದಿದ್ದನ್ನು ತೋರಿಸುತ್ತಲೇ ಮುಂದೆ ಹೋಗುವ ಈ ಪದ್ಧತಿಯ ಬಗ್ಗೆ ನನಗೆ ಬಹಳ ಗೌರವ.

ಪತಂಗವೆಂದು ತೀರ್ಮಾನಿಸಿದ ಮೇಲೂ ಪತಂಗಗಳಲ್ಲಿ ಯಾವ ಕುಟುಂಬ ಎಂಬ ಪ್ರಶ್ನೆ ಉಳಿಯುತ್ತದೆ. ಬಣ್ಣವಾಗಲಿ ಬಾಲವಾಗಲಿ ಇಲ್ಲಿ ನೆರವಿಗೆ ಬರುವುದಿಲ್ಲ. ಉತ್ತರ ಸಿಕ್ಕಿದ್ದು ಯಾರೂ ನೋಡಲು ಹೋಗದ ಜಾಗದಲ್ಲಿ, ಹೊಟ್ಟೆಯ ಬುಡದಲ್ಲಿ. ಅಲ್ಲಿ ಒಂದು ಜೊತೆ ಕಿವಿಗಳಿವೆ. ಬಾವಲಿಗಳು ಕತ್ತಲಲ್ಲಿ ಬೇಟೆಯಾಡುವಾಗ ಹೊರಡಿಸುವ, ನಮ್ಮ ಕಿವಿಗೆ ನಿಲುಕದ ಸದ್ದನ್ನು ಕೇಳಿ ತಪ್ಪಿಸಿಕೊಳ್ಳಲು ಪತಂಗಗಳಲ್ಲಿ ಕಿವಿ ಒಮ್ಮೆಯಲ್ಲ, ಬೇರೆ ಬೇರೆ ವಂಶಗಳಲ್ಲಿ ಬೇರೆ ಬೇರೆಯಾಗಿ ಹಲವು ಸಲ ಹುಟ್ಟಿದೆ. ಕೆಲವಕ್ಕೆ ಎದೆಯ ಮೇಲೆ, ಕೆಲವಕ್ಕೆ ಹೊಟ್ಟೆಯ ಮೇಲೆ. ಎಲ್ಲಿದೆ, ಹೇಗೆ ಕಟ್ಟಿದೆ ಎಂದು ನೋಡಿದರೆ ವಂಶ ಗೊತ್ತಾಗುತ್ತದೆ. ಸೂರ್ಯಾಸ್ತ ಪತಂಗ ಸೇರಿರುವ ಯುರೇನಿಡೇ ಕುಟುಂಬದ ವಿಶೇಷ ಏನೆಂದರೆ ಗಂಡಿನ ಕಿವಿ ಒಂದು ಕಡೆ, ಹೆಣ್ಣಿನ ಕಿವಿ ಇನ್ನೊಂದು ಕಡೆ. ಎರಡೂ ಹೊಟ್ಟೆಯಲ್ಲೇ, ಆದರೆ ಜಾಗ ಬೇರೆ. ಇದೇ ಕುಟುಂಬಕ್ಕೆ ಸೇರಿದ ಅಮೆರಿಕದ ದೊಡ್ಡ ಹೊಳೆಯುವ ಪತಂಗಕ್ಕೂ ನಮ್ಮ ಕಾಡಿನ ಪುಟ್ಟ ಬಿಳಿ ಪತಂಗಕ್ಕೂ ಇದೇ ಲಕ್ಷಣ. ಇಷ್ಟು ವಿಚಿತ್ರವಾದ ಏರ್ಪಾಡು ಎರಡು ಸಲ ಆಕಸ್ಮಿಕವಾಗಿ ಬರುವುದು ಕಷ್ಟ. ಒಂದೇ ಪೂರ್ವಜರಿಂದ ಬಂದದ್ದು ಎನ್ನುವುದೇ ಸರಳವಾದ ವಿವರಣೆ.

ಇದಕ್ಕೆ ಕನ್ನಡಿ ಹಿಡಿದಂಥ ಇನ್ನೊಂದು ಕಥೆ ದಕ್ಷಿಣ ಮತ್ತು ಮಧ್ಯ ಅಮೆರಿಕದ ಹೆಡಿಲಿಡೇ ಕುಟುಂಬದ್ದು. ಸಣ್ಣ, ಮಾಸಲು ಬಣ್ಣದ ಕೀಟಗಳು. ಹೆಚ್ಚಿನವು ಹಾರುವುದು ರಾತ್ರಿ, ಕುಡಿಮೀಸೆಯ ತುದಿ ದಪ್ಪಗಿಲ್ಲ. ಹಾಗಾಗಿ ಅವನ್ನು ದೀರ್ಘಕಾಲ ಪತಂಗಗಳ ಜಿಯೊಮೆಟ್ರಿಡೇ ಕುಟುಂಬದಲ್ಲಿ ಇರಿಸಲಾಗಿತ್ತು. 1986ರಲ್ಲಿ ಲಂಡನ್ನಿನ ಮಾಲ್ಕಮ್ ಸ್ಕೋಬಲ್ ಅವುಗಳ ದೇಹರಚನೆಯನ್ನೂ ಮರಿಹಂತಗಳನ್ನೂ ಪರಿಶೀಲಿಸಿ, ಇವು ಚಿಟ್ಟೆಗಳ ಬಳಗ ಎಂದು ವಾದಿಸಿದರು. ಆಮೇಲೆ ಬಂದ ಡಿಎನ್‌ಎ ಅಧ್ಯಯನಗಳು ಆ ಮಾತನ್ನು ಗಟ್ಟಿಮಾಡಿದವು. ಹಗಲು ಹಾರುವ, ಕಣ್ಣು ಕೋರೈಸುವ ಜೀವಿ ಪತಂಗವಾಯಿತು. ರಾತ್ರಿ ಹಾರುವ ಮಾಸಲು ಜೀವಿ ಚಿಟ್ಟೆಯಾಯಿತು. ಚಿಟ್ಟೆಗೆ ಹಗಲು ಮತ್ತು ಬಣ್ಣ, ಪತಂಗಕ್ಕೆ ರಾತ್ರಿ ಮತ್ತು ಬೂದಿ ಎಂದು ಶಾಲೆಯಲ್ಲಿ ನಾವು ಕಲಿತ ಪಟ್ಟಿಯನ್ನು ಮಕ್ಕಳಿಗೆ ಇನ್ನೂ ಹಾಗೆಯೇ ಬರೆಸುತ್ತಿರುವುದು ನನಗೆ ಬೇಸರದ ಸಂಗತಿ. ಚಿಟ್ಟೆಗಳೆಂದರೆ ಸುಮಾರು ಹತ್ತು ಕೋಟಿ ವರ್ಷಗಳ ಹಿಂದೆ ಪತಂಗಗಳ ವಂಶವೃಕ್ಷದಲ್ಲಿ ಒಡೆದ ಒಂದು ಕೊಂಬೆ. ಆ ಕೊಂಬೆಯೊಂದನ್ನು ಬಿಟ್ಟು ಉಳಿದ ಮರಕ್ಕೆಲ್ಲ ಪತಂಗ ಎನ್ನುವುದು ನಮ್ಮ ಅನುಕೂಲ.

ಸೂರ್ಯಾಸ್ತ ಪತಂಗದ ವಿಳಾಸವನ್ನು ಈಗ ಪೂರ್ತಿ ಬರೆಯಬಹುದು. ಲೆಪಿಡಾಪ್ಟೆರಾ ಗಣ, ಜಿಯೊಮೆಟ್ರಾಯ್ಡಿಯಾ ಮಹಾಕುಟುಂಬ, ಯುರೇನಿಡೇ ಕುಟುಂಬ, ಯುರೇನಿನೇ ಉಪಕುಟುಂಬ, ಕ್ರಿಸಿರಿಡಿಯಾ ಕುಲ. ಕುಲದಲ್ಲಿ ಇರುವುದು ಎರಡೇ ಪ್ರಭೇದ. ಒಂದು ಮಡಗಾಸ್ಕರ್‌ನ ರಿಫಿಯಸ್, ಇನ್ನೊಂದು ಕಡಲಿನಾಚೆ ಪೂರ್ವ ಆಫ್ರಿಕಾದ ಕ್ರೀಸಸ್.

ನಮ್ಮಲ್ಲೂ ಈ ಬಳಗದವಿವೆ. ಮೈಕ್ರೋನಿಯಾ ಅಕ್ಯುಲಿಯೇಟಾ ಎಂಬ ಪತಂಗ ಯುರೇನಿಡೇ ಕುಟುಂಬದ್ದೇ. ಬಿಳಿ ರೆಕ್ಕೆ, ಅದರ ಮೇಲೆ ಸಣ್ಣ ಬೂದುಗೆರೆಗಳು, ಹಿಂದಿನ ರೆಕ್ಕೆಗೆ ಪುಟ್ಟ ಮೊನೆಬಾಲ, ಬಾಲದ ಬುಡದಲ್ಲಿ ಕಪ್ಪು ಚುಕ್ಕೆ. ಮಲೆನಾಡಿನಲ್ಲಿ ಎಲೆಯಡಿ ರೆಕ್ಕೆ ಚಪ್ಪಟೆ ಹರಡಿ ಕೂತಿದ್ದರೆ ಕಾಗದದ ಚೂರೆಂದು ದಾಟಿಹೋಗುತ್ತೇವೆ. ಸ್ವಲ್ಪ ದೂರದ ನಂಟು ಡಿಸ್ಫೇನಿಯಾ ಪರ್ಕೋಟಾದ್ದು. ಜಿಯೊಮೆಟ್ರಿಡೇ ಕುಟುಂಬದ, ಕಡುನೀಲಿ ರೆಕ್ಕೆಯ ಈ ಪತಂಗ ಹಾಡಹಗಲಲ್ಲಿ ಪಶ್ಚಿಮ ಘಟ್ಟದ ಹೂಗಳ ಮೇಲೆ ಹಾರಾಡುತ್ತದೆ. ಅದನ್ನು ತೋರಿಸಿ ಇದು ಪತಂಗ ಎಂದರೆ ನಂಬದವರೇ ಹೆಚ್ಚು. ಅದರ ಹಳದಿ ಕಂಬಳಿಹುಳು ಬೆನ್ನು ಬಿಲ್ಲಾಗಿಸಿ, ಗೇಣು ಗೇಣಾಗಿ ಅಳೆಯುತ್ತ ನಡೆಯುವುದನ್ನು ನೋಡಿದವರಿಗೆ ಮಾತ್ರ ಅನುಮಾನ ಉಳಿಯದು. ಜಿಯೊಮೆಟ್ರಿಡೇ ಕುಟುಂಬದ ಮರಿಗಳ ನಡಿಗೆಯೇ ಹಾಗೆ.

ಇನ್ನು ಬಣ್ಣದ ವಿಷಯ. ಇಲ್ಲಿ ಸ್ವಲ್ಪ ನಿಲ್ಲಲೇಬೇಕು. ಸೂರ್ಯಾಸ್ತ ಪತಂಗದ ಹಸಿರಿಗೆ, ಕೆಂಪಿಗೆ, ನೇರಳೆಗೆ ಬಣ್ಣದ ಪುಡಿಯೇ ಇಲ್ಲ. ರೆಕ್ಕೆಯ ಕಪ್ಪು ಮಾತ್ರ ಮೆಲನಿನ್ ಎಂಬ ವರ್ಣದ್ರವ್ಯದ್ದು, ನಮ್ಮ ತಲೆಗೂದಲಿಗೆ ಬಣ್ಣ ಕೊಡುವಂಥದ್ದೇ. ಉಳಿದದ್ದೆಲ್ಲ ಬೆಳಕು ಪದರಗಳ ನಡುವೆ ಮಾಡುವ ಕೆಲಸ. ಒಂದೊಂದು ಹುರುಪೆಯಲ್ಲೂ ಕೀಟದ ಹೊರಚರ್ಮದ ವಸ್ತುವಿನ ತೆಳುಪದರ, ಗಾಳಿಯ ತೆಳುಪದರ, ಮತ್ತೆ ಚರ್ಮ, ಮತ್ತೆ ಗಾಳಿ ಹೀಗೆ ಅಟ್ಟ ಕಟ್ಟಿವೆ. ಪದರದ ದಪ್ಪಕ್ಕೆ ತಕ್ಕಂತೆ ಒಂದು ಬಣ್ಣದ ಅಲೆಗಳು ಒಂದನ್ನೊಂದು ಬಲಪಡಿಸಿಕೊಂಡು ಹಿಂದಿರುಗುತ್ತವೆ, ಮಿಕ್ಕವು ಬಲಗುಂದುತ್ತವೆ. ದಪ್ಪ ಒಂದಿಷ್ಟು ಹೆಚ್ಚಾದರೆ ಹಸಿರಿನ ಜಾಗದಲ್ಲಿ ಕೆಂಪು.

ಇಷ್ಟನ್ನು ಹಲವು ಕೀಟಗಳು ಮಾಡುತ್ತವೆ. ಆದರೆ ಈ ಪತಂಗದ ಹುರುಪೆಗಳು ಚಪ್ಪಟೆಯಾಗಿರದೆ ಬಲವಾಗಿ ಬಾಗಿವೆ. ಜಪಾನಿನ ಒಸಾಕಾ ವಿಶ್ವವಿದ್ಯಾಲಯದ ಶಿನ್ಯಾ ಯೋಷಿಯೋಕಾ ಮತ್ತು ಶೂಯಿಚಿ ಕಿನೋಷಿಟಾ 2007ರಲ್ಲಿ ತೋರಿಸಿದ ಪ್ರಕಾರ, ಬಾಗಿದ ಹುರುಪೆಯ ನೆತ್ತಿಗೆ ಬಿದ್ದ ಬೆಳಕು ನೇರ ಹಿಂದಿರುಗುತ್ತದೆ. ಇಳಿಜಾರಿಗೆ ಬಿದ್ದದ್ದು ಪಕ್ಕದ ಹುರುಪೆಗೆ ಹೊಡೆದು, ಅಲ್ಲಿಂದ ಮತ್ತೆ ನಮ್ಮತ್ತ ಬರುತ್ತದೆ. ಎರಡು ಸಲ ಓರೆಯಾಗಿ ಪುಟಿದ ಆ ಬೆಳಕಿನ ಬಣ್ಣವೇ ಬೇರೆ, ಅದರ ಅಲೆಗಳು ಕಂಪಿಸುವ ದಿಕ್ಕೂ ಒಂದು ಕಡೆಗೆ ವಾಲಿರುತ್ತದೆ. ಎರಡೂ ಬೆರೆತದ್ದನ್ನು ನಮ್ಮ ಕಣ್ಣು ಒಂದೇ ಬಣ್ಣವಾಗಿ ನೋಡುತ್ತದೆ. ಪೋಲರಾಯ್ಡ್ ಗಾಜನ್ನು ಕಣ್ಣೆದುರು ಹಿಡಿದು ತಿರುಗಿಸಿದರೆ ಅದೇ ರೆಕ್ಕೆ ಬೇರೆ ಬಣ್ಣಕ್ಕೆ ತಿರುಗುತ್ತದೆ. ಒಂದು ಪತಂಗದ ಎಡ ಬಲ ರೆಕ್ಕೆಗಳ ಪಟ್ಟೆಗಳೂ ಒಂದೇ ಅಚ್ಚಿನವಲ್ಲ. ರೆನೆ ಕಟಾಲಾ ಎಂಬ ಫ್ರೆಂಚ್ ಸಂಶೋಧಕರು ಗೂಡಿನೊಳಗಿನ ಪ್ಯೂಪಾ ಕೋಶಗಳನ್ನು ಬೇರೆ ಬೇರೆ ತಾಪದಲ್ಲಿಟ್ಟು, ಹೊರಬರುವ ಪತಂಗದ ಬಣ್ಣಗಳು ಬದಲಾಗುವುದನ್ನು ತಮ್ಮ 1940ರ ಗ್ರಂಥದಲ್ಲಿ ದಾಖಲಿಸಿದ್ದಾರೆ.

ಪುಡಿಯ ಬಣ್ಣ ಮಾಸುತ್ತದೆ, ಪದರದ ಬಣ್ಣ ಪದರ ಉಳಿದಷ್ಟು ಕಾಲವೂ ಉಳಿಯುತ್ತದೆ. ವಸ್ತುಸಂಗ್ರಹಾಲಯಗಳ ಹಳೆಯ ಸೂರ್ಯಾಸ್ತ ಪತಂಗಗಳು ಇಂದಿಗೂ ಹೊಳೆಯುವುದು ಅದಕ್ಕೇ. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಈ ರೆಕ್ಕೆಗಳಿಂದ ಒಡವೆ ಮಾಡುತ್ತಿದ್ದುದೂ ಅದಕ್ಕೇ.

ಇಷ್ಟು ಢಾಳಾದ ಬಣ್ಣ ಹೊತ್ತು ಹಗಲಿನಲ್ಲಿ ಹಾರುವ ಧೈರ್ಯ ಅದಕ್ಕೆ ಬಂದದ್ದು ತಿಂದ ಸೊಪ್ಪಿನಿಂದ. ಅದರ ಕಂಬಳಿಹುಳು ಒಂಫಾಲಿಯಾ ಕುಲದ ಗಿಡ ಬಳ್ಳಿಗಳನ್ನು ಬಿಟ್ಟು ಬೇರೇನನ್ನೂ ತಿನ್ನದು. ಹರಳು, ಮರಗೆಣಸು, ರಬ್ಬರ್ ಸೇರಿರುವ ಕುಟುಂಬದ್ದೇ ಈ ಒಂಫಾಲಿಯಾ. ಕೊಯ್ದರೆ ಅಂಟು ಹಾಲು ಒಸರುತ್ತದೆ. ಆಗತಾನೇ ಹುಟ್ಟಿದ ಮರಿಗಳು ಎಲೆಯ ನರಗಳನ್ನು ಮುಟ್ಟದೆ ನಡುವಿನ ತಿರುಳನ್ನಷ್ಟೇ ಕೆರೆದು ತಿನ್ನುತ್ತವೆ. ನರ ಕಡಿದರೆ ಹಾಲು ಬಾಯಿಗೆ ಅಂಟೀತು. ಕೆಲವು ದಿನ ಕಳೆದು ಬಲಿತ ಮೇಲೆ ಎಲೆ, ಹೂವು, ಕಾಯಿ, ಎಳೆಕಾಂಡ ಯಾವುದನ್ನೂ ಬಿಡವು. ರೇಷ್ಮೆ ಬೆಳೆಗಾರರು ಜ್ವರ ಎಂದು ಕರೆಯುವ ಪೊರೆ ಕಳಚುವ ಹಂತಗಳನ್ನು ದಾಟಿ, ಎಳೆಗಳ ನಡುವೆ ಕಂಡಿಗಳಿರುವ ಜಾಳುಜಾಳಾದ ಗೂಡು ನೇಯುತ್ತವೆ. ಸೊಪ್ಪಿನಲ್ಲಿದ್ದ, ಸಕ್ಕರೆಯ ಕಣದಂತೆ ನಟಿಸಿ ಜೀರ್ಣಕ್ರಿಯೆಯನ್ನು ಕೆಡಿಸುವ ಆಲ್ಕಲಾಯ್ಡ್ ವಿಷ ಹುಳುವಿನಿಂದ ಕೋಶಕ್ಕೆ, ಕೋಶದಿಂದ ಪತಂಗಕ್ಕೆ ದಾಟಿ ಮೈಯಲ್ಲೇ ಉಳಿಯುತ್ತದೆ. ಬಣ್ಣ ಕಂಡ ಹಕ್ಕಿ ದೂರವೇ ಇರುವುದು ಲೇಸು. ಹೂವಿನ ವಿಷಯದಲ್ಲಿ ಮಾತ್ರ ಪತಂಗಕ್ಕೆ ಅಷ್ಟು ಕಟ್ಟುನಿಟ್ಟಿಲ್ಲ. ಬಿಳಿಯೋ ನಸುಹಳದಿಯೋ ಆದರೆ ಸರಿ. ಅಲ್ಲಿಗೆ ಮನುಷ್ಯ ಒಯ್ದ ಮಾವಿನ ಹೂವಿಗೂ ಚಹಾ ಗಿಡದ ಹೂವಿಗೂ ಅದು ಬರುತ್ತದೆ.

ಈ ವಿಷದ ಖ್ಯಾತಿ ಎಷ್ಟಿದೆ ಎಂಬುದಕ್ಕೆ ನ್ಯೂಗಿನಿಯಲ್ಲಿ ಸಾಕ್ಷಿ ಸಿಗುತ್ತದೆ. ಅಲ್ಲಿನ ಆಲ್ಸಿಡಿಸ್ ಕುಲದ ಪತಂಗಗಳು ಸೂರ್ಯಾಸ್ತ ಪತಂಗದ ಹತ್ತಿರದ ನೆಂಟರು, ಅವೂ ಹಗಲು ಹಾರುತ್ತವೆ, ಅವುಗಳ ಮೈಯೂ ವಿಷ. ಪಪಿಲಿಯೊ ಲಾಗ್ಲೈಜೈ ಎಂಬ ಚಿಟ್ಟೆ, ನಿಜವಾದ ಪಪಿಲಿಯೊ, ಬಣ್ಣದಲ್ಲೂ ಬಾಲದಲ್ಲೂ ಆ ಪತಂಗವನ್ನು ಅನುಕರಿಸಿ ಬದುಕುತ್ತದೆ. ಪತಂಗವನ್ನು ಪಪಿಲಿಯೊ ಎಂದು ಬಗೆದ ಡ್ರೂರಿಯವರ ಕಣ್ಣು ಕಂಡ ಹೋಲಿಕೆ ಸುಳ್ಳಲ್ಲ. ಅಂಥ ಹೋಲಿಕೆಯನ್ನು ಪ್ರಕೃತಿಯೇ ಬೇರೆ ಕಡೆ ಹಕ್ಕಿಗಳ ಎದುರು ಬಳಸುತ್ತಿದೆ.

ವರ್ಗೀಕರಣ ಬರೀ ಹೆಸರಿನ ಕೆಲಸ ಎನ್ನುವವರಿಗೆ ನಾನು ಹೇಳಬಯಸುವ ಮುಖ್ಯ ಮಾತು ಇಲ್ಲಿಂದ ಮುಂದೆ ಇದೆ. ಅಮೆರಿಕದ ಯುರೇನಿಯಾ, ಆಫ್ರಿಕಾ ಕಡೆಯ ಕ್ರಿಸಿರಿಡಿಯಾ, ಆಸ್ಟ್ರೇಲಿಯಾ ಮತ್ತು ನ್ಯೂಗಿನಿಯ ಆಲ್ಸಿಡಿಸ್ ಮೂರೂ ಒಂದೇ ಮನೆತನ ಎಂದು ಗೊತ್ತಾದ ಮೇಲೆ, ಒಂದರಿಂದ ಕಲಿತದ್ದು ಇನ್ನೊಂದನ್ನು ಅರಿಯಲು ನೆರವಾಗುತ್ತದೆ. ಮೂರೂ ಒಂಫಾಲಿಯಾ ತಿನ್ನುತ್ತವೆ. ಪನಾಮಾದಲ್ಲಿ ಯುರೇನಿಯಾ ಫುಲ್ಜೆನ್ಸ್ ಪತಂಗಗಳು ಕೆಲವು ವರ್ಷ ಲೆಕ್ಕವಿಲ್ಲದಷ್ಟು ಸಂಖ್ಯೆಯಲ್ಲಿ ಗುಳೆ ಹೋಗುತ್ತವೆ. ಅಲ್ಲಿನ ಸ್ಮಿತ್ಸೋನಿಯನ್ ಸಂಸ್ಥೆಯ ನೀಲ್ ಸ್ಮಿತ್ ಇದಕ್ಕೆ ಕೊಟ್ಟ ವಿವರಣೆ ಗಿಡದ ಕಡೆಯಿಂದ ಹೊರಡುತ್ತದೆ. ಹುಳುಗಳು ತಲೆಮಾರಿನ ಮೇಲೆ ತಲೆಮಾರು ಒಂದೇ ಬಳ್ಳಿಯನ್ನು ಬೋಳಿಸಿದಾಗ ಬಳ್ಳಿ ತನ್ನ ವಿಷವನ್ನು ಏರಿಸಿಕೊಳ್ಳುತ್ತದೆ. ವಿಷಕ್ಕೆ ಒಗ್ಗಿದ ಹುಳುವಿಗೂ ಅದು ಅತಿಯಾಗುತ್ತದೆ. ಆಗ ಪತಂಗಗಳು ಆ ನೆಲೆ ಬಿಟ್ಟು, ಹುಳು ಮುಟ್ಟದ ಬಳ್ಳಿಗಳಿರುವ ಇನ್ನೊಂದು ನೆಲೆ ಹುಡುಕಿ ಹೊರಡುತ್ತವೆ. ಡೇವಿಡ್ ಲೀಸ್ ಮತ್ತು ಸ್ಮಿತ್ 1991ರಲ್ಲಿ ಇಡೀ ಮನೆತನದ ಆಹಾರಗಿಡಗಳನ್ನು ಒಟ್ಟಿಗೆ ನೋಡಿ ಈ ನೋಟವನ್ನು ಮಡಗಾಸ್ಕರ್‌ಗೂ ವಿಸ್ತರಿಸಿದರು.

ಮಡಗಾಸ್ಕರ್ ಎಂದರೆ ಕರ್ನಾಟಕದ ಮೂರು ಪಟ್ಟು ದೊಡ್ಡ ನೆಲ. ಒಂದು ಕಾಲಕ್ಕೆ ನಮ್ಮ ಪಶ್ಚಿಮ ಕರಾವಳಿಗೆ ಅಂಟಿಕೊಂಡಿದ್ದ ನೆಲ ಅದು. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ ಅವೆರಡೂ ಬೇರೆಯಾಗುವಾಗ ಉಕ್ಕಿದ ಲಾವಾದಿಂದ ಆದವು. ಮಡಗಾಸ್ಕರ್‌ನ ಪೂರ್ವ ಭಾಗದಲ್ಲಿ ವರ್ಷವಿಡೀ ತೇವದ ಮಳೆಕಾಡು, ಪಶ್ಚಿಮದಲ್ಲಿ ಮಳೆಯಿಲ್ಲದ ತಿಂಗಳುಗಳಲ್ಲಿ ಎಲೆ ಉದುರಿಸುವ ಒಣಕಾಡು, ನಡುವೆ ಎತ್ತರದ ಪ್ರಸ್ಥಭೂಮಿ. ಅಲ್ಲಿರುವ ನಾಲ್ಕು ಒಂಫಾಲಿಯಾ ಪ್ರಭೇದಗಳಲ್ಲಿ ಮೂರು ಪಶ್ಚಿಮದ ಮತ್ತು ಉತ್ತರದ ಒಣಕಾಡಿನವು, ಒಂದು ಮಾತ್ರ ಪೂರ್ವದ ಮಳೆಕಾಡಿನದು. ಮಳೆಕಾಡಿನದು ಸದಾ ಹಸಿರು, ಉಳಿದವು ಎಲೆ ಉದುರಿಸುತ್ತವೆ. ಸೂರ್ಯಾಸ್ತ ಪತಂಗ ಈ ಎರಡು ಕಾಡುಗಳ ನಡುವೆ ದ್ವೀಪವನ್ನು ಅಡ್ಡ ಹಾಯ್ದು ಹೋಗಿ ಬರುತ್ತದೆ. ಒಂದು ಕಡೆ ಎಲೆ ಮುಗಿದಾಗ ಅಥವಾ ಕಹಿಯೇರಿದಾಗ ಇನ್ನೊಂದು ಕಡೆಯ ಆಸರೆ ಬೇಕು.

ಆಸರೆ ತಪ್ಪಿದರೆ ಏನಾಗುತ್ತದೆ ಎಂಬುದು ಇದೇ ಮನೆತನದಲ್ಲಿ ಒಮ್ಮೆ ಆಗಿಹೋಗಿದೆ. ಜಮೈಕಾ ದ್ವೀಪದಲ್ಲಿ ಯುರೇನಿಯಾ ಸ್ಲೋನಸ್ ಎಂಬ ಪತಂಗವಿತ್ತು. ಕಪ್ಪಿನ ಮೇಲೆ ಕೆಂಪು, ನೀಲಿ, ಹಸಿರು. ಅಮೆರಿಕದ ನೆಂಟರಲ್ಲಿ ಅದೇ ಹೆಚ್ಚು ಬಣ್ಣದ್ದು. 1890ರ ದಶಕದ ನಂತರ ಅದನ್ನು ಜೀವಂತ ಕಂಡ ಖಚಿತ ದಾಖಲೆಯಿಲ್ಲ. ತಗ್ಗಿನ ಕಾಡು ಹೊಲವಾಗಿ, ಒಂಫಾಲಿಯಾ ನೆಲೆಗಳು ತುಂಡುತುಂಡಾಗಿ, ವಿಷವೇರಿದ ಬಳ್ಳಿಯನ್ನು ಬಿಟ್ಟು ಹೋಗಲು ಇನ್ನೊಂದು ನೆಲೆ ಇಲ್ಲವಾದದ್ದು ಅದರ ಅಳಿವಿಗೆ ಕಾರಣವಿರಬೇಕೆಂದು ತಜ್ಞರು ಎಣಿಸುತ್ತಾರೆ.

ಮಡಗಾಸ್ಕರ್‌ನ ಪಶ್ಚಿಮ ಕರಾವಳಿಯ ಮೆನಾಬೆ ಸೀಮೆಯಲ್ಲಿ ಮೆಕ್ಕೆಜೋಳ ಮತ್ತು ಶೇಂಗಾ ಬೆಳೆಯಲು ಒಣಕಾಡಿಗೆ ಬೆಂಕಿ ಇಡುವುದು ಈಚಿನ ವರ್ಷಗಳಲ್ಲಿ ಹೆಚ್ಚಿದೆ. ಬರದಿಂದ ಓಡಿಬಂದ ಬಡವರೂ ಅವರ ಬೆಳೆ ಕೊಳ್ಳುವ ಹಣವಂತರೂ ಅದರಲ್ಲಿ ಸೇರಿದ್ದಾರೆ, ಬಡವರನ್ನಷ್ಟೇ ಬೈದು ಪ್ರಯೋಜನವಿಲ್ಲ. ಪೂರ್ವದ ಮಳೆಕಾಡಿಗೆ ಪ್ರವಾಸಿಗರೂ ಹಣವೂ ಹೆಚ್ಚು ಬರುತ್ತವೆ. ಒಣಕಾಡು ನೋಡಲು ಮುಳ್ಳುಕುರುಚಲು, ವರ್ಷದ ಅರ್ಧಕಾಲ ಎಲೆಯಿಲ್ಲದೆ ನಿಂತಿರುತ್ತದೆ, ಅದರ ಪರ ಮಾತಾಡುವವರು ಕಡಿಮೆ. ಆದರೆ ನಾಲ್ಕರಲ್ಲಿ ಮೂರು ಒಂಫಾಲಿಯಾ ಅಲ್ಲೇ ಇವೆ. ಪೂರ್ವದಲ್ಲಿ ಎಷ್ಟು ದೊಡ್ಡ ರಕ್ಷಿತಾರಣ್ಯ ಕಟ್ಟಿದರೂ ಅದು ಈ ಪತಂಗಕ್ಕೆ ಅರ್ಧ ಮನೆ. ಯಾವ ಕಾಡು ಉಳಿಯಬೇಕು ಎಂದು ನಕ್ಷೆ ಹಾಕುವವರು ಒಂಫಾಲಿಯಾದ ನಾಲ್ಕೂ ಪ್ರಭೇದಗಳು ಎಲ್ಲೆಲ್ಲಿ ಉಳಿದಿವೆ ಎಂಬುದನ್ನು ಮೊದಲು ಗುರುತಿಸಿ, ಪೂರ್ವದ ಜೊತೆ ಪಶ್ಚಿಮದ ಒಂದೊಂದು ತುಂಡನ್ನೂ ಆ ನಕ್ಷೆಯೊಳಗೆ ತರಬೇಕು.